ಮಳೆಯೇ ಕಾಯುವ ಮರದ ಊರು

ನಾರ್ವೆಯ ಪಶ್ಚಿಮ ಕರಾವಳಿಯ ಬರ್ಗೆನ್ ನಗರಕ್ಕೆ ಹೊರಟವರಿಗೆ ಟ್ರಾವೆಲ್ಸ್‌ನವರು ಕೊಡುವ ಕಾರ್ಯಕ್ರಮ ಪಟ್ಟಿ ಸಾಮಾನ್ಯವಾಗಿ ಎರಡು ಪಾಲಾಗಿರುತ್ತದೆ. ಬೆಳಿಗ್ಗೆ ಬಂದರಿನ ದಂಡೆಯ ಹಳೆಯ ಮರದ ಮನೆಗಳು, ಒಂದು ಕೋಟೆ, ಒಂದು ಚರ್ಚು. ಅದು ಪರಂಪರೆಯ ಪಾಲು. ಮಧ್ಯಾಹ್ನ ಬೆಟ್ಟ, ಮರುದಿನವೆಲ್ಲ ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲು. ಅದು ನಿಸರ್ಗದ ಪಾಲು. ಈ ವಿಂಗಡಣೆ ಬೇರೆ ಊರುಗಳಿಗೆ ಹೊಂದೀತು, ಬರ್ಗೆನ್‌ಗೆ ಹೊಂದುವುದಿಲ್ಲ. ಅಲ್ಲಿನ ಮರದ ಮನೆಗಳು ಯಾಕೆ ಹುಟ್ಟಿದವು, ಯಾಕೆ ಹಾಗೆ ನಿಂತಿವೆ, ಇಷ್ಟು ವರ್ಷ ಯಾಕೆ ಉಳಿದವು ಎಂದು ಕೇಳುತ್ತ ಹೋದರೆ ಪ್ರತಿ ಉತ್ತರವೂ ಕಡಲು, ಮಳೆ, ಮೀನು, ಬೆಟ್ಟಗಳಲ್ಲೇ ಸಿಗುತ್ತದೆ. ಹಾಗೆಯೇ ಜನವಸತಿಯೇ ಇಲ್ಲದಂತೆ ಕಾಣುವ ಫ್ಯೋರ್ಡಿನ ನೀರು ನೂರಾರು ವರ್ಷ ಜನ ಓಡಾಡಿದ ರಸ್ತೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದವರು ಎರಡನ್ನೂ ಅರ್ಧ ನೋಡಿ ಬರುತ್ತಾರೆ.

ಮೊದಲು ಊರಿನ ನೆಲೆ ನೋಡೋಣ. ಬರ್ಗೆನ್ ಇರುವುದು ಉತ್ತರ ಅಕ್ಷಾಂಶ 60 ಡಿಗ್ರಿಯ ಮೇಲೆ. ಅಷ್ಟು ಉತ್ತರದಲ್ಲಿ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟಬೇಕಿತ್ತು, ಗಟ್ಟುವುದಿಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ಪ್ರವಾಹ ಈ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಹರಿಯುತ್ತದೆ. ಅದೇ ಪ್ರವಾಹದ ಮೇಲಿಂದ ತೇವ ಹೊತ್ತು ಬರುವ ಪಡುಗಾಳಿ ಊರನ್ನು ಸುತ್ತುವರಿದ ಬೆಟ್ಟಗಳಿಗೆ ಬಡಿದು ಮೇಲೇರಿ ತಣಿದು ಮಳೆಯಾಗುತ್ತದೆ. ಬರ್ಗೆನ್ನಿನ ಜನ ತಮ್ಮದು ಏಳು ಬೆಟ್ಟಗಳ ಊರು ಎನ್ನುತ್ತಾರೆ. ಅವುಗಳಲ್ಲಿ ಎತ್ತರದ್ದು 643 ಮೀಟರಿನ ಉಲ್ರಿಕೆನ್. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿಗೆ ತಾಗಿ ಸುರಿಯುವುದನ್ನು ಕಂಡ ನಮಗೆ ಈ ಲೆಕ್ಕ ಹೊಸದಲ್ಲ. ವ್ಯತ್ಯಾಸ ಇರುವುದು ಹಂಚಿಕೆಯಲ್ಲಿ. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಬರ್ಗೆನ್‌ಗೆ ಬೀಳುವುದು ಅದಕ್ಕಿಂತ ಕಡಿಮೆ, ಸುಮಾರು 2,250 ಮಿಲಿಮೀಟರ್. ಆದರೆ ಅದು ವರ್ಷವಿಡೀ ಜಿನುಗುತ್ತಲೇ ಇರುತ್ತದೆ. 2006ರ ಅಕ್ಟೋಬರ್ ಕೊನೆಯಿಂದ 2007ರ ಜನವರಿಯವರೆಗೆ ಒಂದು ದಿನವೂ ಬಿಡದೆ 85 ದಿನ ಮಳೆಯಾದ ದಾಖಲೆ ಈ ಊರಿನದು. ಮಂಜುಗಟ್ಟದ ಬಂದರು, ಗಾಳಿ ತಡೆಯುವ ಬೆಟ್ಟ, ಮುಗಿಯದ ಮಳೆ ಇಲ್ಲಿಯ ಚರಿತ್ರೆಗೆ ಬರೀ ಹಿನ್ನೆಲೆಯಲ್ಲ, ಅದರ ಬಂಡವಾಳ.

ಆ ಬಂಡವಾಳವನ್ನು ದುಡಿಸಿದ್ದು ಒಂದು ಮೀನು. ಪ್ರತಿ ವರ್ಷ ಚಳಿಗಾಲದ ಕೊನೆಗೆ ಕಾಡ್ ಮೀನಿನ ಹಿಂಡುಗಳು ಮೊಟ್ಟೆಯಿಡಲು ದೂರದ ಉತ್ತರದ ಲೋಫೋಟೆನ್ ದ್ವೀಪಗಳ ಹತ್ತಿರ ಬರುತ್ತವೆ. ಅಲ್ಲಿಯ ಬೆಸ್ತರು ಮೀನಿನ ತಲೆ ಕತ್ತರಿಸಿ, ಕರುಳು ತೆಗೆದು, ಎರಡೆರಡನ್ನು ಬಾಲದಲ್ಲಿ ಜೋಡಿ ಕಟ್ಟಿ ಮರದ ಅಟ್ಟಣಿಗೆಗೆ ನೇತುಹಾಕುತ್ತಾರೆ. ಉಪ್ಪು ಹಾಕುವುದಿಲ್ಲ. ನಮ್ಮ ಕರಾವಳಿಯಲ್ಲಿ ಉಪ್ಪಿಲ್ಲದೆ ಇಷ್ಟು ದೊಡ್ಡ ಮೀನು ಒಣಗಿಸಲು ಹೋದರೆ ಎರಡೇ ದಿನಕ್ಕೆ ನೊಣ ಮುತ್ತಿ ಕೆಟ್ಟುಹೋದೀತು. ಲೋಫೋಟೆನ್‌ನಲ್ಲಿ ಫೆಬ್ರುವರಿಯಿಂದ ಮೇವರೆಗೆ ಚಳಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆಡುತ್ತಿರುತ್ತದೆ. ನೊಣ ಹುಟ್ಟುವಷ್ಟು ಬಿಸಿ ಇರುವುದಿಲ್ಲ, ಮೀನು ಕಲ್ಲಾಗುವಷ್ಟು ಚಳಿಯೂ ಇರುವುದಿಲ್ಲ, ಗಾಳಿ ಮಾತ್ರ ಬೀಸುತ್ತಲೇ ಇರುತ್ತದೆ. ಹೆಚ್ಚುಕಡಿಮೆ ಐದು ಕಿಲೋ ಹಸಿ ಮೀನು ಒಣಗಿ ಒಂದು ಕಿಲೋ ಆಗುತ್ತದೆ. ಸೌದೆಯ ತುಂಡಿನಂತೆ ಗಟ್ಟಿಯಾದ ಅದು ವರ್ಷಗಟ್ಟಲೆ ಕೆಡುವುದಿಲ್ಲ. ಉಪವಾಸದ ದಿನಗಳಲ್ಲಿ ಮಾಂಸ ಮುಟ್ಟದ ಮಧ್ಯಯುಗದ ಕ್ರೈಸ್ತ ಯುರೋಪಿಗೆ ಇಂಥ ಆಹಾರ ಬೇಕಿತ್ತು. ಆ ಉತ್ತರದ ಜನಕ್ಕೆ ಬೇಕಾಗಿದ್ದು ಅವರ ನೆಲದಲ್ಲಿ ಸಾಕಷ್ಟು ಬೆಳೆಯದ ಧಾನ್ಯ. ಮೀನು ಕೆಳಗಿಳಿದು, ಧಾನ್ಯ ಮೇಲೇರಿ, ಇವೆರಡೂ ಕೈ ಬದಲಾಗಲು ಒಂದು ನಡುತಾಣ ಬೇಕಿತ್ತು. ಮಂಜುಗಟ್ಟದ, ಗಾಳಿಯಿಂದ ಮರೆಯಾದ ಬರ್ಗೆನ್ನಿನ ಕೊಲ್ಲಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಗಮನಿಸಬೇಕಾದ ಮಾತೆಂದರೆ, ಸದಾ ಮಳೆ ಸುರಿಯುವ ಬರ್ಗೆನ್ ತಾನೇ ಈ ಮೀನು ಒಣಗಿಸಲಾರದು. ಊರು ಬದುಕಿದ್ದು ಎರಡು ಹವೆಗಳ ನಡುವಿನ ಅಂತರದಿಂದ.

ಊರು ಕಟ್ಟಿದ್ದು 1070ರಲ್ಲಿ ದೊರೆ ಓಲಾವ್ ಕ್ಯುರ್ರೆ ಎಂಬುದು ಪರಂಪರೆಯ ಮಾತು. 13ನೇ ಶತಮಾನದಲ್ಲಿ ಅದು ನಾರ್ವೆಯ ರಾಜಧಾನಿಯಾಗಿತ್ತು. ದೊರೆ ಹೋಕನ್ ಕಟ್ಟಿಸಿದ, 1261ರಲ್ಲಿ ಅವನ ಮಗನ ಮದುವೆ ನಡೆದ ಕಲ್ಲಿನ ಸಭಾಭವನ ಈಗಲೂ ಬಂದರಿನ ಬಾಯಲ್ಲಿದೆ. ಸುಮಾರು 1360ರಲ್ಲಿ ಹನ್ಸಾ ಎಂಬ ಉತ್ತರ ಜರ್ಮನಿಯ ವರ್ತಕರ ಒಕ್ಕೂಟ ಇಲ್ಲಿ ತನ್ನ ಕೋಠಿ ತೆರೆಯಿತು. ಲಂಡನ್, ಬ್ರೂಗೆ, ನೊವ್ಗೊರೊಡ್ ಜೊತೆಗೆ ಬರ್ಗೆನ್ ಅದರ ನಾಲ್ಕು ದೊಡ್ಡ ಹೊರನಾಡ ಕೋಠಿಗಳಲ್ಲೊಂದು. 1754ರಲ್ಲಿ ಕೊನೆಗೊಳ್ಳುವವರೆಗೆ ಈ ಕೋಠಿ ಸುಮಾರು ನಾಲ್ಕು ಶತಮಾನ ನಡೆಯಿತು. ಅದು ನಿಂತಿದ್ದ ದಂಡೆಯ ಹೆಸರು ಬ್ರಿಗ್ಗೆನ್. ನಮ್ಮ ಕರಾವಳಿಯವರ ಮಾತಿನಲ್ಲಿ ಹೇಳುವುದಾದರೆ, ಧಕ್ಕೆ.

ಬ್ರಿಗ್ಗೆನ್ನಿನ ಎಲ್ಲ ಚಿತ್ರಗಳಲ್ಲೂ ಕಾಣುವುದು ನೀರಿಗೆ ಮುಖ ಮಾಡಿದ ಕೆಂಪು, ಹಳದಿ, ಬಿಳಿ ಬಣ್ಣದ ಮೊನಚು ಮಾಡಿನ ಸಾಲು. ಅದು ಮುಖವಷ್ಟೇ, ಮೈ ಇರುವುದು ಹಿಂದೆ. ಎರಡು ಮನೆಗಳ ನಡುವಿನ ಓಣಿಗೆ ಕಾಲಿಟ್ಟರೆ ಕಾಲ ಕೆಳಗೆ ಹಲಗೆ, ಎರಡು ಬದಿಗೆ ಮರದ ಗೋಡೆ, ತಲೆಯ ಮೇಲೆ ಮಹಡಿಯಿಂದ ಹೊರಚಾಚಿದ ಪಡಸಾಲೆ, ಸರಕು ಎತ್ತುವ ರಾಟೆಯ ತೊಲೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಇಕ್ಕಟ್ಟಿನ ಕಡೆಗಳೂ ಇವೆ. ದುಂಡು ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೂಲೆಯಲ್ಲಿ ಕಚ್ಚು ಕೊರೆದು ಒಂದಕ್ಕೊಂದು ಕೂಡಿಸಿದ ಗೋಡೆಗಳಿವು. ಚಳಿನಾಡಿನ ಪೈನ್ ನಿಧಾನ ಬೆಳೆಯುತ್ತದೆ. ಹಾಗಾಗಿ ಅದರ ಉಂಗುರಗಳು ಒತ್ತಾಗಿ, ಚೇಗು ರಾಳದಿಂದ ತುಂಬಿ, ಮಳೆಗೆ ಬಹುಕಾಲ ಜಗ್ಗುವುದಿಲ್ಲ. ಕಟ್ಟೆಯ ಕಡೆಗಿನ ಭಾಗದಲ್ಲಿ ವರ್ತಕನ ಕಚೇರಿ ಮತ್ತು ವಾಸ, ಹಿಂದೆ ಉಗ್ರಾಣ, ಕೊನೆಯಲ್ಲಿ ಬೆಂಕಿಗೆ ಹೆದರಿ ಕಟ್ಟಿದ ಕಲ್ಲಿನ ನೆಲಮಾಳಿಗೆಗಳು. ಆ ಹೆದರಿಕೆ ಎಷ್ಟಿತ್ತೆಂದರೆ ಮರದ ಮನೆಗಳಲ್ಲಿ ಒಲೆ ಹಚ್ಚುವುದೇ ನಿಷಿದ್ಧ. ಚಳಿ ಕಾಯಿಸಿಕೊಳ್ಳಲು, ಬಿಸಿ ಊಟ ಮಾಡಲು ಹಿಂಬದಿಯಲ್ಲಿ ಬೇರೆಯೇ ಸಭಾಕೋಣೆಗಳಿದ್ದವು. ಮದುವೆಯಾಗಲು ಅನುಮತಿಯಿಲ್ಲದ ವರ್ತಕರು, ಜರ್ಮನಿಯಿಂದ ಎಳೆ ವಯಸ್ಸಿನಲ್ಲೇ ಕೆಲಸ ಕಲಿಯಲು ಬಂದ ಹುಡುಗರು ಈ ಕತ್ತಲ ಚಳಿಯ ಮನೆಗಳಲ್ಲಿ ಒಣಮೀನಿನ ವಾಸನೆಯ ನಡುವೆ ವರ್ಷಗಳನ್ನು ಕಳೆದರು. ಇವತ್ತು ಆ ಓಣಿಗಳು ಚಂದ ಕಾಣುತ್ತವೆ. ಆಗಿನ ಬದುಕು ಚಂದವಾಗಿರಲಿಲ್ಲ ಎಂಬುದನ್ನು ನೋಡುವವರು ಮರೆಯಬಾರದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬ್ರಿಗ್ಗೆನ್ ನಿಜಕ್ಕೂ ಮಧ್ಯಯುಗದ್ದೇ? 1702ರ ಬೆಂಕಿಯಲ್ಲಿ ಇಡೀ ದಂಡೆ ಸುಟ್ಟು ಬೂದಿಯಾಯಿತು. ಈಗ ನಿಂತಿರುವ ಮರದ ಮನೆಗಳೆಲ್ಲ ಆಮೇಲಿನವು. 20ನೇ ಶತಮಾನದ ಆರಂಭದಲ್ಲಿ ಒಂದು ಭಾಗವನ್ನು ಕೆಡವಿ ಅದೇ ಆಕಾರದಲ್ಲಿ ಇಟ್ಟಿಗೆಯ ಕಟ್ಟಡ ಎಬ್ಬಿಸಿದರು. 1944ರ ಏಪ್ರಿಲ್‌ನಲ್ಲಿ ಬಂದರಿನಲ್ಲಿ ಸಿಡಿಮದ್ದು ತುಂಬಿದ ಹಡಗು ಸ್ಫೋಟಗೊಂಡು 150ಕ್ಕೂ ಹೆಚ್ಚು ಜನ ಸತ್ತರು, ಮನೆಗಳ ಮಾಡುಗಳು ಹಾರಿಹೋದವು. 1955ರಲ್ಲಿ ಮತ್ತೆ ಬೆಂಕಿ. ಈಗ ಉಳಿದಿರುವುದು ಸುಮಾರು 62 ಕಟ್ಟಡ. ಅವುಗಳಲ್ಲೂ ಕೊಳೆತ ದಿಮ್ಮಿ ತೆಗೆದು ಹೊಸದು ಕೂರಿಸುವ ಕೆಲಸ ನಿಲ್ಲುವುದೇ ಇಲ್ಲ. ಹಾಗಿದ್ದ ಮೇಲೆ ಇದಕ್ಕೆ 1979ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದ್ದು ಯಾವ ಆಧಾರದ ಮೇಲೆ? ಹಳೆಯದೆಂದರೆ ಹಳೆಯ ಕಲ್ಲು ಎಂದು ನಂಬಿದವರಿಗೆ ಇದು ದೊಡ್ಡ ಪ್ರಶ್ನೆಯೇ. ಆದರೆ ಮರದ ಊರಿಗೆ ಕಲ್ಲಿನ ಊರಿನ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ. 1198, 1248, 1476, 1702 ಹೀಗೆ ಬೆಂಕಿ ಬಿದ್ದಾಗಲೆಲ್ಲ ಜನ ಅದೇ ಜಾಗದಲ್ಲಿ ಅದೇ ಓಣಿ ಬಿಟ್ಟು ಅದೇ ರೀತಿಯಲ್ಲಿ ಮನೆ ಎಬ್ಬಿಸಿದರು. ಮರ ಹೊಸದು, ಗಡಿ ಹಳೆಯದು. ಮೂಲೆಯ ಕಚ್ಚು ಕೊರೆಯುವ ಕೈಚಳಕ ಹಳೆಯದು. ಪ್ರತಿ ಬೆಂಕಿಯ ಬೂದಿ, ಕಸ, ಕಲ್ಲುಗಳನ್ನು ಕಡಲಿಗೆ ತಳ್ಳಿ, ಅದರ ಮೇಲೆ ಮರದ ಚೌಕಟ್ಟು ಇಳಿಸಿ, ದಂಡೆಯನ್ನೇ ತಲೆಮಾರಿನಿಂದ ತಲೆಮಾರಿಗೆ ಮುಂದಕ್ಕೆ ತಂದರು. ಇಂದಿನ ಬ್ರಿಗ್ಗೆನ್‌ನ ಮುಂದಿನ ಸಾಲು ನಿಂತಿರುವ ಜಾಗ 12ನೇ ಶತಮಾನದಲ್ಲಿ ಕಡಲಾಗಿತ್ತು.

1955ರ ಬೆಂಕಿಯೇ ಈ ವಾದಕ್ಕೆ ಪುರಾವೆ ಒದಗಿಸಿತು. ಸುಟ್ಟ ಜಾಗದಲ್ಲಿ ಆಸ್‌ಬ್ಯೋರ್ನ್ ಹೆರ್ಟೈಗ್ ಎಂಬ ಪುರಾತತ್ವಜ್ಞನ ನೇತೃತ್ವದಲ್ಲಿ ಉತ್ಖನನ ಶುರುವಾಗಿ ಹತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಬೆಂಕಿಯ ಕಪ್ಪು ಪದರಗಳು ಕಾಲಗಣನೆಯ ಗೆರೆಗಳಾದವು. ಆ ಪದರಗಳ ನಡುವೆ ರೂನ್ ಎಂಬ ಉತ್ತರ ಯುರೋಪಿನ ಹಳೆಯ ಲಿಪಿಯ ಸುಮಾರು 670 ಬರಹಗಳು ಸಿಕ್ಕವು. ಹೆಚ್ಚಿನವು ಚಾಕುವಿನಿಂದ ಕೊರೆದ ಮರದ ಕಡ್ಡಿಗಳು. ಸರಕಿನ ಮೂಟೆಗೆ ಕಟ್ಟಿದ, ಇದು ಇಂಥವರದು ಎಂದು ಹೇಳುವ ಚೀಟಿಗಳು. ವ್ಯಾಪಾರದ ಪತ್ರಗಳು, ಪ್ರಾರ್ಥನೆ, ಪ್ರೇಮ. ಒಂದು ಕಡ್ಡಿಯಲ್ಲಿ ಗ್ಯೂಡಾ ಎಂಬ ಹೆಂಗಸು ಯಾರನ್ನೋ ಮನೆಗೆ ಬಾ ಎಂದು ಕರೆಯುತ್ತಾಳೆ. ಅದರ ಮೇಲೇ ಉತ್ತರ ಕೊರೆಯಲು ಹೋದವನ ಅಕ್ಷರಗಳು ಓದಲಾಗದಷ್ಟು ಕೆಟ್ಟಿವೆ. ರೂನ್ ಲಿಪಿ ಅಷ್ಟು ಹೊತ್ತಿಗೆ ಬಳಕೆ ತಪ್ಪಿತ್ತು, ಬಲ್ಲವರು ಕೆಲವರೇ ಎಂದು ನಂಬಿದ್ದ ವಿದ್ವಾಂಸರು ಈ ಕಡ್ಡಿಗಳನ್ನು ಕಂಡು ತಮ್ಮ ಅಭಿಪ್ರಾಯ ಬದಲಿಸಬೇಕಾಯಿತು. ಬಂದರಿನ ಸಾಮಾನ್ಯ ಜನ 14ನೇ ಶತಮಾನದಲ್ಲೂ ಆ ಲಿಪಿಯಲ್ಲಿ ದಿನದ ವ್ಯವಹಾರ ನಡೆಸುತ್ತಿದ್ದರು. ಅಂಗೈ ಉದ್ದದ ಕಡ್ಡಿ ಏಳೆಂಟು ಶತಮಾನ ಕೊಳೆಯದೆ ಉಳಿದದ್ದು ಹೇಗೆ? ನೆಲದೊಳಗಿನ ನೀರು ಅದನ್ನು ಗಾಳಿಗೆ ಬಿಟ್ಟುಕೊಡಲಿಲ್ಲ. ಈ ಊರನ್ನು ಅರಿಯಲು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ ಇಲ್ಲಿದೆ.

ಮರ ಕೊಳೆಯುವುದು ನೀರಿನಿಂದಲ್ಲ, ನೀರಿನ ಜೊತೆ ಗಾಳಿ ಸೇರಿದಾಗ. ಸದಾ ಮುಳುಗಿದ ಮರಕ್ಕೆ ಆಮ್ಲಜನಕ ತಾಗುವುದಿಲ್ಲ, ಕೊಳೆಸುವ ಶಿಲೀಂಧ್ರ ಬದುಕುವುದಿಲ್ಲ. ಬಾವಿಯ ತಳಕ್ಕೆ ನೆಲ್ಲಿಮರದ ಹಲಗೆ ಇಡುವ ನಮ್ಮ ಹಿರಿಯರಿಗೂ ಈ ಸೂತ್ರ ಗೊತ್ತಿತ್ತು. ಬ್ರಿಗ್ಗೆನ್‌ನ ಮನೆಗಳ ಭಾರವೆಲ್ಲ ಹೊತ್ತಿರುವುದು ಹೀಗೆ ನೀರಿನಲ್ಲಿ ಮುಳುಗಿದ ಹಳೆಯ ದಿಮ್ಮಿಗಳು ಮತ್ತು ಅವುಗಳ ನಡುವೆ ತುಂಬಿದ ಮೆತ್ತಗಿನ ಕಸಮಣ್ಣು. 1955ರಲ್ಲಿ ಸುಟ್ಟ ಜಾಗದಲ್ಲಿ ಮುಂದೆ, 1970ರ ದಶಕದ ಕೊನೆಗೆ, ಒಂದು ಹೋಟೆಲ್ ಕಟ್ಟಿದರು. ನೆಲಮಾಳಿಗೆಗೆ ನೀರು ನುಗ್ಗದಂತೆ ಸುತ್ತ ಉಕ್ಕಿನ ತಡೆಗೋಡೆ ಇಳಿಸಿ, ಒಳಗಿನ ನೀರನ್ನು ಬಸಿದು ಹೊರಹಾಕುವ ಏರ್ಪಾಡು ಮಾಡಿದರು. ಆ ಬಸಿತ ಪಕ್ಕದ ಬ್ರಿಗ್ಗೆನ್‌ನ ಅಡಿಯ ನೀರನ್ನೂ ಎಳೆಯಿತು. ಅಂತರ್ಜಲ ಕುಸಿಯಿತು, ಶತಮಾನಗಳಿಂದ ಮುಳುಗಿದ್ದ ಮರಕ್ಕೆ ಗಾಳಿ ತಾಗಿತು, ನೆಲ ಕುಗ್ಗತೊಡಗಿತು. ಅಳೆದು ನೋಡಿದಾಗ ಕೆಲವು ಕಡೆ ನೆಲ ವರ್ಷಕ್ಕೆ 8 ಮಿಲಿಮೀಟರ್‌ವರೆಗೂ ಇಳಿಯುತ್ತಿತ್ತು. ಕೇಳಲು ಚಿಕ್ಕ ಅಂಕಿ. ಹತ್ತು ವರ್ಷಕ್ಕೆ ಎಂಟು ಸೆಂಟಿಮೀಟರ್ ವಾಲಿದ ಮನೆಯ ಬಾಗಿಲು ಮುಚ್ಚುವುದಿಲ್ಲ, ಮೂಲೆಯ ಕಚ್ಚು ಬಿಟ್ಟುಕೊಳ್ಳುತ್ತದೆ. ಪರಿಹಾರ ಬಂದದ್ದು 2011ರ ನಂತರ, ಅದೂ ಮಳೆಯಿಂದಲೇ. ಸೋರಿಕೆಯ ದಾರಿಗಳನ್ನು ಮುಚ್ಚಿದರು. ಮಾಡಿನ ನೀರನ್ನು ಚರಂಡಿಗೆ ಬಿಟ್ಟು ಕಡಲು ಸೇರಿಸುವ ಬದಲು ಹುಲ್ಲು ಬೆಳೆದ ಆಳವಿಲ್ಲದ ತೋಡುಗಳಿಗೆ, ಇಂಗುಗುಂಡಿಗಳಿಗೆ ಹರಿಸಿದರು. ನೀರು ಇಂಗಿ ಅಂತರ್ಜಲ ಮೇಲೆ ಬಂತು, ನೆಲ ಇಳಿಯುವ ವೇಗ ಗಣನೀಯವಾಗಿ ತಗ್ಗಿತು. ಪ್ರವಾಸಿಗರು ಶಪಿಸುವ ಅದೇ ಮಳೆ ಬ್ರಿಗ್ಗೆನ್‌ಗೆ ಅಡಿಪಾಯ. ಪರಂಪರೆ ಒಂದು ಕಡೆ, ನಿಸರ್ಗ ಇನ್ನೊಂದು ಕಡೆ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ.

ಇನ್ನೊಂದು ಆಕ್ಷೇಪ ನಾರ್ವೆಯವರದ್ದೇ ಆಗಿತ್ತು. ಬ್ರಿಗ್ಗೆನ್ ಕಟ್ಟಿ ಆಳಿದವರು ಜರ್ಮನ್ನರು. ಅವರು ಉತ್ತರದ ಬೆಸ್ತರಿಗೆ ಧಾನ್ಯವನ್ನು ಸಾಲವಾಗಿ ಕೊಟ್ಟು, ಮುಂದಿನ ವರ್ಷದ ಮೀನನ್ನು ಈ ವರ್ಷವೇ ಕಟ್ಟಿಹಾಕಿಕೊಳ್ಳುತ್ತಿದ್ದರು. ಸಾಲದ ಪುಸ್ತಕದಲ್ಲಿ ಒಮ್ಮೆ ಹೆಸರು ಬಿದ್ದ ಬೆಸ್ತ ಬೇರೆ ವರ್ತಕನಿಗೆ ಮಾರುವಂತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ದೇಶವನ್ನೇ ಆಕ್ರಮಿಸಿದ ಮೇಲೆ ಹಳೆಯ ಕಹಿ ಹೊಸದಾಯಿತು. ಅಲ್ಲಿಯವರೆಗೆ ಜರ್ಮನ್ ಧಕ್ಕೆ ಎಂದು ಕರೆಯುತ್ತಿದ್ದ ಜಾಗ 1945ರಲ್ಲಿ ಬರೀ ಧಕ್ಕೆ, ಬ್ರಿಗ್ಗೆನ್, ಆಯಿತು. ಕೆಡವಿ ಹೊಸದು ಕಟ್ಟಬೇಕೆಂಬ ಕೂಗು 1955ರ ಬೆಂಕಿಯ ನಂತರ ಜೋರಾಗಿತ್ತು. ಆದರೂ ಊರು ಉಳಿಸುವ ಕಡೆ ನಿಂತಿತು. 1962ರಲ್ಲಿ ಮನೆಗಳನ್ನು ಕಾಯಲೆಂದೇ ಒಂದು ಪ್ರತಿಷ್ಠಾನ ಹುಟ್ಟಿತು. ಆ ತೀರ್ಮಾನ ಸರಿ ಎಂದೇ ನನ್ನ ಅಭಿಪ್ರಾಯ. ಸಾಲ ಕೊಟ್ಟವನ ಮನೆ ಉಳಿದರೆ ತಾನೇ ಸಾಲಗಾರನ ಕಥೆಗೂ ಸಾಕ್ಷಿ ಉಳಿಯುವುದು? ಆ ಉಗ್ರಾಣಗಳಲ್ಲಿ ಪೇರಿಸಿದ್ದ ಒಂದೊಂದು ಮೀನೂ ಯಾವನೋ ಬೆಸ್ತ ಚಳಿಗಾಲದ ಕಡಲಿನಲ್ಲಿ ಜೀವ ಪಣವಿಟ್ಟು ಹಿಡಿದದ್ದು.

ಫ್ಯೋರ್ಡಿಗೂ ಇದೇ ನೋಟ ಬೇಕು. ಹಿಮಯುಗದ ಹಿಮನದಿಗಳು ಬಂಡೆಯನ್ನು ಕೊರೆದು, ಕರಗಿದ ಮೇಲೆ ಆ ಕಣಿವೆಗೆ ಕಡಲು ನುಗ್ಗಿ ಆದದ್ದು ಫ್ಯೋರ್ಡ್. ಬರ್ಗೆನ್ನಿನ ಉತ್ತರಕ್ಕಿರುವ ಸೋಗ್ನೆಫ್ಯೋರ್ಡ್ ಒಳನಾಡಿಗೆ 200 ಕಿಲೋಮೀಟರಿಗೂ ಹೆಚ್ಚು ಚಾಚಿದೆ, ಆಳ 1,300 ಮೀಟರ್. ಅದರ ಕವಲಾದ ನ್ಯಾರೊಯ್‌ಫ್ಯೋರ್ಡ್ ಅತಿ ಇಕ್ಕಟ್ಟಿನ ಕಡೆ 250 ಮೀಟರ್ ಮಾತ್ರ ಅಗಲ. 2005ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು, ನಿಸರ್ಗ ತಾಣವಾಗಿ. ಆದರೆ ಸೋಗ್ನೆಫ್ಯೋರ್ಡಿನ ಇನ್ನೊಂದು ಕವಲಿನ ದಂಡೆಯಲ್ಲಿ 12ನೇ ಶತಮಾನದ ಉರ್ನೆಸ್ ಮರದ ಚರ್ಚ್ ಇದೆ. ಅದು ಪಟ್ಟಿಗೆ ಸೇರಿದ್ದು ಬ್ರಿಗ್ಗೆನ್ ಸೇರಿದ 1979ರಲ್ಲೇ. ಕಡಿದಾದ ಗೋಡೆಯಂಥ ಬೆಟ್ಟಗಳ ನಡುವೆ ಅಂಥ ಕೆತ್ತನೆಯ ಚರ್ಚು ಎದ್ದಿದೆಯೆಂದರೆ ಅಲ್ಲಿ ಜನ, ಹಣ, ಬಡಗಿಗಳು ಓಡಾಡುತ್ತಿದ್ದರೆಂದೇ ಅರ್ಥ. ರಸ್ತೆ ಕಡಿಯಲಾಗದ ನಾಡಿನಲ್ಲಿ ನೀರೇ ರಸ್ತೆ, ಅದು ಬಂದು ಸೇರುತ್ತಿದ್ದ ಸಂತೆ ಬರ್ಗೆನ್. ಬರ್ಗೆನ್ನಿಂದ ಓಸ್ಲೋಗೆ ಬೆಟ್ಟ ದಾಟಿ ರೈಲು ಹೋದದ್ದು 1909ರಲ್ಲಿ. ಅದಕ್ಕೆ ಮೊದಲು ಈ ಊರಿಗೆ ತನ್ನದೇ ದೇಶದ ಒಳನಾಡಿಗಿಂತ ಕಡಲಾಚೆಯ ಬಂದರುಗಳೇ ಹತ್ತಿರ. ಮರ ಮತ್ತು ನೀರಿನ ಈ ನಂಟು ಇಲ್ಲಿಯ ಸಂಗೀತಕ್ಕೂ ಇದೆ: 1843ರಲ್ಲಿ ಬರ್ಗೆನ್ನಿನಲ್ಲೇ ಹುಟ್ಟಿದ ಸಂಗೀತಕಾರ ಎಡ್ವರ್ಡ್ ಗ್ರೀಗ್, ಊರ ಹೊರಗೆ ನೀರಂಚಿನ ಪುಟ್ಟ ಮರದ ಗುಡಿಸಲಲ್ಲಿ ಕುಳಿತು ಕೆಲಸ ಮಾಡುತ್ತಿದ್ದ. ಅವನ ಚಿತಾಭಸ್ಮ ಇರುವುದು ಅದೇ ದಂಡೆಯ ಬಂಡೆಯೊಳಗೆ.

ಕೊನೆಯ ಆಕ್ಷೇಪ ಪ್ರಾಮಾಣಿಕವಾದದ್ದು: ಅಷ್ಟು ದೂರ, ಅಷ್ಟು ದುಬಾರಿ, ಮೇಲೆ ಮಳೆ. ಹೋಗುವವರು ಹೆಚ್ಚಿದಷ್ಟೂ ಊರಿಗೆ ಹೊರೆ. ಬೇಸಿಗೆಯಲ್ಲಿ ದೊಡ್ಡ ವಿಹಾರದ ಹಡಗುಗಳು ಒಮ್ಮೆಗೆ ಸಾವಿರಾರು ಜನರನ್ನು ಇಳಿಸುತ್ತವೆ. ಅವರು ನಾಲ್ಕು ಗಂಟೆಯಲ್ಲಿ ಬ್ರಿಗ್ಗೆನ್ ಎದುರು ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಈ ದೂರಿನಲ್ಲಿ ಸತ್ಯವಿದೆ. ನಗರಾಡಳಿತವೇ ದಿನಕ್ಕೆ ಇಷ್ಟೇ ಹಡಗು, ಇಷ್ಟೇ ಪ್ರಯಾಣಿಕರು ಎಂದು ಮಿತಿ ಹಾಕಿದೆ. ನಿಂತ ಹಡಗು ಡೀಸೆಲ್ ಉರಿಸದಂತೆ ದಡದಿಂದ ವಿದ್ಯುತ್ ಕೊಡುತ್ತಿದೆ. ಕಡಲಮಟ್ಟ ಏರುತ್ತಿರುವ ಈ ಕಾಲದಲ್ಲಿ ಬಿರುಗಾಳಿಯ ಉಬ್ಬರಕ್ಕೆ ಮುಂಭಾಗದ ಕಟ್ಟೆಯ ಮೇಲೆ ನೀರು ಹತ್ತುವುದೂ ಇದೆ. ಇಂಗಾಲದ ಲೆಕ್ಕ ನಮ್ಮ ವಿಮಾನಯಾನಕ್ಕೂ ಅನ್ವಯಿಸುತ್ತದೆ. ಹಾಗೆಂದು ಯಾರೂ ಹೋಗಬಾರದು ಎನ್ನಲಾರೆ. ಮರದ ಮನೆ ಕಾಯುವ ಬಡಗಿಗೆ ಕೂಲಿ ಬರುವುದರಲ್ಲಿ ನೋಡಲು ಬಂದವರ ಪಾಲೂ ಇದೆ. ಹೋಗುವುದಾದರೆ ಒಂದೇ ಸಲ, ನಿಧಾನವಾಗಿ, ಹೆಚ್ಚು ದಿನ. ಏಳು ದೇಶಗಳ ಹತ್ತು ದಿನದ ಪ್ಯಾಕೇಜಿನಲ್ಲಿ ಬರ್ಗೆನ್‌ಗೆ ಅರ್ಧ ದಿನ ಕೊಡುವುದಕ್ಕಿಂತ ಕೊಡದಿರುವುದೇ ಲೇಸು.

ಕನಿಷ್ಠ ನಾಲ್ಕು ದಿನ ಇಟ್ಟುಕೊಳ್ಳಿ. ಮಳೆ ಸ್ವಲ್ಪ ಕಡಿಮೆಯಿರುವ, ಹಗಲು ದೀರ್ಘವಾದ ಮೇ ಇಲ್ಲವೇ ಜೂನ್ ಆರಿಸಿಕೊಳ್ಳಿ. ಛತ್ರಿಗಿಂತ ಟೊಪ್ಪಿಗೆಯಿರುವ ಒಳ್ಳೆಯ ರೇನ್‌ಕೋಟ್ ಮೇಲು, ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಮೊದಲ ದಿನ 1918ರಿಂದ ಓಡುತ್ತಿರುವ ಹಗ್ಗದ ರೈಲಿನಲ್ಲಿ ಫ್ಲೋಯೆನ್ ಬೆಟ್ಟದ ಮೇಲೆ 320 ಮೀಟರ್ ಎತ್ತರದವರೆಗೆ ಹತ್ತಿ, ಕೊಲ್ಲಿ ಹೇಗೆ ಊರೊಳಗೆ ಬಂದಿದೆ, ಮನೆಗಳು ಹೇಗೆ ಅದರತ್ತ ತಿರುಗಿವೆ ಎಂದು ಮೇಲಿಂದ ನೋಡಿ. ರೂನ್ ಕಡ್ಡಿಗಳಿರುವ ಬ್ರಿಗ್ಗೆನ್ಸ್ ಮ್ಯೂಸಿಯಂಗೆ ಒಂದು ಪೂರ್ತಿ ಬೆಳಿಗ್ಗೆ ಕೊಡಿ. ಆಮೇಲೆ, ಮಳೆ ಬರುತ್ತಿರುವ ಹೊತ್ತಿನಲ್ಲೇ, ಬಣ್ಣದ ಮುಂಸಾಲು ಬಿಟ್ಟು ಓಣಿಯ ಮೂಲಕ ಬ್ರಿಗ್ಗೆನ್‌ನ ಹಿಂಬದಿಗೆ ಹೋಗಿ. ಅಲ್ಲಿ ಹುಲ್ಲು ಬೆಳೆದ, ಯಾರೂ ಫೋಟೋ ತೆಗೆಯದ ಒಂದು ತಗ್ಗು ತೋಡು ಇದೆ. ಮಾಡಿನ ನೀರು ಅದಕ್ಕೆ ಇಳಿದು ಇಂಗುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿ.